ಐದೇ ಜಾಗಗಳ ಟೇಬಲ್ ಸ್ಟೈಲ್

ಎಕ್ಸೆಲ್ ಹಾಳೆಯನ್ನು ಇನ್‌ಡಿಸೈನ್ ಪುಟಕ್ಕೆ ತರುವ ಮಾತು ಬಂದರೆ ಡಿಟಿಪಿ ಕಲಿಸುವವರ ಬಾಯಲ್ಲಿ ಮೊದಲು ಬರುವುದು ಟೇಬಲ್ ಸ್ಟೈಲ್. ಇನ್‌ಡಿಸೈನ್‌ಗೆ ಕೋಷ್ಟಕಗಳು ಬಂದದ್ದು 2002ರಲ್ಲಿ, 2.0 ಆವೃತ್ತಿಯಲ್ಲಿ. ಅವಕ್ಕೆ ಸ್ಟೈಲ್ ಸೇರಿದ್ದು 2007ರ ಸಿಎಸ್3ರಲ್ಲಿ. ಒಂದೇ ಕ್ಲಿಕ್ಕಿಗೆ ಕೋಷ್ಟಕ ಅಚ್ಚಿಗೆ ಸಿದ್ಧ ಎಂಬ ಹೊಗಳಿಕೆ ಅಂದಿನಿಂದ ಅದರ ಜೊತೆಗೇ ನಡೆದುಬಂದಿದೆ. ಸಹಕಾರ ಸಂಘದ ವಾರ್ಷಿಕ ವರದಿಯ ಕೋಷ್ಟಕವೊಂದನ್ನು ಹಾಕಿ ನೋಡಿದರೆ ಆ ಕೀರ್ತಿಯ ಅರ್ಧ ಭಾಗ ಕಳಚಿಬೀಳುತ್ತದೆ.

ಟೇಬಲ್ ಸ್ಟೈಲ್ ಒಳಗೆ ಸೆಲ್ ಸ್ಟೈಲ್‌ಗಳನ್ನು ಕೂರಿಸಲು ಇರುವ ಜಾಗಗಳು ಐದೇ: ಹೆಡರ್ ಸಾಲು, ಫೂಟರ್ ಸಾಲು, ಬಾಡಿ ಸಾಲು, ಎಡಗಡೆಯ ಕಾಲಮ್, ಬಲಗಡೆಯ ಕಾಲಮ್. ಈಗ ವರದಿಯ ಕಾಲಮ್‌ಗಳನ್ನು ನೋಡಿ: ಕ್ರಮಸಂಖ್ಯೆ, ಸದಸ್ಯರ ಹೆಸರು, ಷೇರು ಮೊತ್ತ, ಸಾಲ, ಬಾಕಿ. ಕ್ರಮಸಂಖ್ಯೆಗೆ ಎಡ ಕಾಲಮ್ಮಿನ ಸ್ಟೈಲ್ ಸಿಕ್ಕಿತು, ಬಾಕಿಗೆ ಬಲದ್ದು. ನಡುವಿನ ಮೂರಕ್ಕೆ? ಅವೆಲ್ಲ ಬಾಡಿ ಎಂಬ ಒಂದೇ ಲೆಕ್ಕಕ್ಕೆ ಸೇರುತ್ತವೆ. ಹೆಸರು ಎಡಕ್ಕೆ ಹೊಂದಿದರೆ ಹಣದ ಅಂಕಿಗಳೂ ಎಡಕ್ಕೆ. ಅಂಕಿಗಳನ್ನು ಬಲಕ್ಕೆ ಸರಿಸಿದರೆ ಹೆಸರುಗಳೂ ಹಿಂದೆಯೇ ಹೊರಡುತ್ತವೆ. ಕೋಷ್ಟಕ ಓದುವವನ ಕಣ್ಣು ಹುಡುಕುವುದು ಈ ನಡುವಿನ ಅಂಕಿಗಳನ್ನೇ. ಅಲ್ಲೇ ಸ್ಟೈಲ್ ಕೈಕೊಟ್ಟರೆ ಪ್ರತಿ ಕಾಲಮ್ಮನ್ನೂ ಕೈಯಿಂದ ಆರಿಸಿ ಸರಿಪಡಿಸಬೇಕು. ಕಾಲಮ್ಮಿನ ಅಗಲವೂ ಈ ಸ್ಟೈಲ್‌ನಲ್ಲಿ ಉಳಿಯುವುದಿಲ್ಲ. ಎಕ್ಸೆಲ್‌ನಿಂದ ಬಂದ ಮೊದಲ ಸಾಲನ್ನು ಹೆಡರ್ ಆಗಿ ಬದಲಿಸುವ ಕೆಲಸವೂ ಕೈಯದೇ.

ಸೆಲ್ ಸ್ಟೈಲ್‌ಗೆ ಮಾತ್ರ ಮೆಚ್ಚುಗೆ ಸಲ್ಲಲೇಬೇಕು. ಅದರೊಳಗೆ ಪ್ಯಾರಾಗ್ರಾಫ್ ಸ್ಟೈಲ್ ಇಡಬಹುದು. ಆ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ಡೆಸಿಮಲ್ ಟ್ಯಾಬ್ ಇಟ್ಟರೆ, ಟ್ಯಾಬ್ ಒತ್ತದೆಯೇ ಪೈಸೆಯ ಚುಕ್ಕಿಗಳೆಲ್ಲ ಒಂದೇ ಗೆರೆಗೆ ಬಂದು ನಿಲ್ಲುತ್ತವೆ.

ಎಕ್ಸೆಲ್ ಕಡತವನ್ನು ಲಿಂಕ್ ಮಾಡಿಬಿಟ್ಟರೆ ಚಿಂತೆಯೇ ಇಲ್ಲ ಎಂಬ ಇನ್ನೊಂದು ಪಂಥವಿದೆ. ಈ ಸಲಹೆ ಸರಳವಾಗಿ ತಪ್ಪು. ಲೆಕ್ಕಪರಿಶೋಧಕರು ಕೊನೆಯ ಗಳಿಗೆಯಲ್ಲಿ ಒಂದು ಅಂಕಿ ತಿದ್ದುತ್ತಾರೆ, ಲಿಂಕ್ ಅಪ್‌ಡೇಟ್ ಆಗುತ್ತದೆ, ಪುಟದಲ್ಲಿ ಕೂತು ಮಾಡಿದ ಅಲಂಕಾರ ಅಳಿದುಹೋಗಬಹುದು. ಮುದ್ರಣದ ಹಿಂದಿನ ರಾತ್ರಿ ಆ ಅಪಾಯವನ್ನು ತಲೆಯ ಮೇಲೆ ಹೊರಿಸುವ ವಿಧಾನವನ್ನು ದಕ್ಷ ಎನ್ನಲಾಗದು. ಡೇಟಾ ಮರ್ಜ್ ಹೊಗಳುವವರ ವಾದವೂ ಇಲ್ಲಿ ನಿಲ್ಲುವುದಿಲ್ಲ. ಗುರುತಿನ ಚೀಟಿ, ಪ್ರಮಾಣಪತ್ರ, ವಿಳಾಸದ ಲೇಬಲ್‌ಗಳಿಗೆ ಅದು ಉತ್ತಮ ಸಾಧನ. ಆದರೆ ಒಂದೇ ಕೋಷ್ಟಕದಲ್ಲಿ ದಾಖಲೆಗೊಂದು ಸಾಲು ಬೆಳೆಸಲು ಅದಕ್ಕೆ ಬರುವುದಿಲ್ಲ.

ಯಾರೂ ಹೊಗಳದ ಒಂದು ದಾರಿ ಇವೆಲ್ಲಕ್ಕಿಂತ ಮೇಲು. ಇನ್‌ಡಿಸೈನ್‌ನ ಪ್ರಿಫರೆನ್ಸಸ್‌ನಲ್ಲಿ ಕ್ಲಿಪ್‌ಬೋರ್ಡ್ ಹ್ಯಾಂಡ್ಲಿಂಗ್ ಎಂಬ ವಿಭಾಗವಿದೆ. ಹೊರಗಿನಿಂದ ಪೇಸ್ಟ್ ಮಾಡುವಾಗ ‘ಟೆಕ್ಸ್ಟ್ ಓನ್ಲಿ’ ಎಂದು ಅಲ್ಲಿ ಆರಿಸಿಟ್ಟುಕೊಳ್ಳಬೇಕು. ಬಳಿಕ ಮಾದರಿ ಕೋಷ್ಟಕವೊಂದನ್ನು ನಿಧಾನವಾಗಿ, ಮನಸ್ಸಿಟ್ಟು ಕಟ್ಟಬೇಕು: ಅಗಲಗಳು, ಗೆರೆಗಳು, ಹೆಡರ್, ಪ್ರತಿ ಕಾಲಮ್ಮಿಗೂ ತನ್ನದೇ ಸೆಲ್ ಸ್ಟೈಲ್. ಬೇಕಾದಷ್ಟು ಸಾಲುಗಳನ್ನು ಮೊದಲೇ ಸೇರಿಸಿ, ಹೆಡರ್ ಕೆಳಗಿನ ಸೆಲ್‌ಗಳನ್ನು ಆರಿಸಿ ಎಕ್ಸೆಲ್ ಅಂಕಿಗಳನ್ನು ಪೇಸ್ಟ್ ಮಾಡಿದರೆ ಬದಲಾಗುವುದು ಅಕ್ಷರ, ಅಂಕಿ ಮಾತ್ರ. ಅಲಂಕಾರ ಇದ್ದಲ್ಲೇ ಇರುತ್ತದೆ. ಎಕ್ಸೆಲ್‌ನಲ್ಲಿ 1,25,000 ಎಂದು ಕಾಣುತ್ತಿದ್ದರೆ ಪುಟಕ್ಕೂ ಹಾಗೆಯೇ ಬರುತ್ತದೆ. ಹಾಗಾಗಿ ಲಕ್ಷದ ಅಲ್ಪವಿರಾಮಗಳನ್ನು ಅಲ್ಲೇ ಸರಿಮಾಡಿಕೊಳ್ಳಬೇಕು.

ಕನ್ನಡದ ಪುಟಗಳಿಗೆ ಈ ದಾರಿ ಇನ್ನೂ ಹೆಚ್ಚು ಒಗ್ಗುತ್ತದೆ. 2012ರ ಸಿಎಸ್6ರಿಂದ ಇನ್‌ಡಿಸೈನ್ ಯೂನಿಕೋಡ್ ಕನ್ನಡವನ್ನು ವರ್ಲ್ಡ್-ರೆಡಿ ಕಂಪೋಸರ್ ಮೂಲಕ ಸರಿಯಾಗಿ ಜೋಡಿಸುತ್ತದೆ. ಆ ಕಂಪೋಸರ್ ಆಯ್ಕೆ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲೇ ಇರುವುದರಿಂದ ಮಾದರಿ ಕೋಷ್ಟಕದೊಳಗೆ ಒಮ್ಮೆ ಕೂರಿಸಿದರೆ ಸಾಕು. ಇಷ್ಟಾದರೂ ಹಳೆಯ ಆಸ್ಕಿ ಫಾಂಟುಗಳಲ್ಲೇ ಹೆಸರುಪಟ್ಟಿ ಟೈಪ್ ಮಾಡುವ ಅಭ್ಯಾಸ ಬಿಟ್ಟಿಲ್ಲ. ಅಂಥ ಪಟ್ಟಿಯನ್ನು ಎಕ್ಸೆಲ್ ಅಕಾರಾದಿಯಾಗಿ ಜೋಡಿಸಲಾರದು, ಏಕೆಂದರೆ ಅದರ ಪಾಲಿಗೆ ಅಲ್ಲಿರುವುದು ರೋಮನ್ ಸಂಕೇತಗಳು. ಯೂನಿಕೋಡ್ ಸೆಲ್‌ಗೆ ಅದನ್ನು ಸುರಿದರೆ ಪುಟದಲ್ಲಿ ಕನ್ನಡವೇ ಇರುವುದಿಲ್ಲ.

ನಡುವಿನ ಕಾಲಮ್‌ಗಳಿಗೂ ಟೇಬಲ್ ಸ್ಟೈಲ್‌ನಲ್ಲಿ ಜಾಗ ಸಿಗುವವರೆಗೆ, ಡಿಟಿಪಿ ಕಲಿಸುವವರು ಕೋಷ್ಟಕದ ಪಾಠವನ್ನು ಮಾದರಿ ಕೋಷ್ಟಕದಿಂದಲೇ ಆರಂಭಿಸಬೇಕು.