‘ಶಾಲೆ ಬಿಟ್ಟವರು’ ಎಂಬ ಮಾತು

ಬಡ ಮಕ್ಕಳ ವಿದ್ಯಾಭ್ಯಾಸವು ನಡುವೆಯೇ ನಿಂತುಹೋಗುವುದನ್ನು ಕುರಿತ ವಿಚಾರ ಈ ದೇಶದಲ್ಲಿ ಹೊಸದಲ್ಲ. 1929ರ ಹಾರ್ಟಾಗ್ ಸಮಿತಿಯು ಪ್ರಾಥಮಿಕ ಶಿಕ್ಷಣವನ್ನು ಪೂರೈಸುವ ಮುನ್ನವೇ ಮಕ್ಕಳು ಶಾಲೆಯಿಂದ ಹೊರಬೀಳುವುದನ್ನು ‘ಅಪವ್ಯಯ’ವೆಂದು ಕರೆಯಿತು. ಇದು ಲೆಕ್ಕದ ಪುಸ್ತಕದ ಮಾತು. ಇದರಲ್ಲಿ ಕಾಣುವ ನಷ್ಟ ಬೊಕ್ಕಸದ್ದು. ಇಂದು ರೂಢಿಯಲ್ಲಿರುವ ‘ಶಾಲೆ ಬಿಟ್ಟವರು’ ಎಂಬ ಮಾತು ಮೃದುವಾಗಿ ತೋರಿದರೂ ಅದರ ವ್ಯಾಕರಣವೇ ತೀರ್ಪು ಕೊಟ್ಟುಬಿಡುತ್ತದೆ: ಕರ್ತೃ ವಿದ್ಯಾರ್ಥಿ, ಕರ್ಮ ಶಾಲೆ. ಬಿಟ್ಟ ದೋಷವೆಲ್ಲ ವಿದ್ಯಾರ್ಥಿಯದು.

ಅಂಕಿ ಅಂಶಗಳೆದುರು ಈ ತೀರ್ಪು ನಿಲ್ಲದು. ಕೇಂದ್ರ ಸರಕಾರದ 2021–22ರ ಗಣನೆಯಂತೆ ಶಾಲೆ ತೊರೆದವರ ಪ್ರಮಾಣ ಪ್ರಾಥಮಿಕ ಹಂತದಲ್ಲಿ ಶೇಕಡಾ 1.5, ಹಿರಿಯ ಪ್ರಾಥಮಿಕದಲ್ಲಿ 3, ಪ್ರೌಢಶಾಲೆಯಲ್ಲಿ 12.6. ಎಂಟನೆಯ ತರಗತಿಯವರೆಗೆ ಓದಿನಲ್ಲಿ ನಿಂತ ಮಕ್ಕಳ ಸ್ವಭಾವ ಒಂಬತ್ತನೆಯದರಲ್ಲಿ ಹಠಾತ್ತನೆ ಕೆಟ್ಟಿತೆನ್ನಲು ಆಧಾರವಿಲ್ಲ. ಬದಲಾಗುವುದು ಅವರ ಸುತ್ತಣ ವ್ಯವಸ್ಥೆ. 2009ರ ಶಿಕ್ಷಣ ಹಕ್ಕಿನ ಕಾನೂನು ಆರರಿಂದ ಹದಿನಾಲ್ಕು ವರ್ಷದವರಿಗೆ ಎಂಟನೆಯ ತರಗತಿಯವರೆಗಿನ ಶಿಕ್ಷಣದ ಭರವಸೆ ನೀಡುತ್ತದೆ. ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿಯಾದರೋ ಹದಿನಾಲ್ಕು ದಾಟಿದವರಿಗೆ ಅಪಾಯಕರ ಉದ್ಯೋಗಗಳನ್ನು ಮಾತ್ರ ನಿಷೇಧಿಸುತ್ತದೆ. ಓದಿನ ರಕ್ಷಣೆ ಮುಗಿಯುವ ವಯಸ್ಸಿನಲ್ಲಿಯೇ ದುಡಿಮೆಯ ಬಾಗಿಲು ತೆರೆಯುತ್ತದೆ.

ಮುಂಬಯಿಯ ಕನ್ನಡಿಗರ ಪಾಲಿಗೆ ಇದರೊಡನೆ ಭಾಷೆಯ ತೊಡಕೂ ಸೇರಿದೆ. ನಗರಪಾಲಿಕೆಯು ಕನ್ನಡದಲ್ಲಿಯೂ ಶಾಲೆಗಳನ್ನು ನಡೆಸಿದೆ, ಮಹಾರಾಷ್ಟ್ರದ ಎಸ್.ಎಸ್.ಸಿ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವುಂಟು. ಆದರೆ ಸಮೀಪದಲ್ಲಿ ಕನ್ನಡ ಪ್ರೌಢಶಾಲೆಯಿಲ್ಲದ ಕಡೆ, ಪಾಠಗಳು ಕಠಿಣವಾಗುವ ವರ್ಷದಲ್ಲಿಯೇ ಮಾಧ್ಯಮವೂ ಬದಲಾಗುತ್ತದೆ. ಇಲ್ಲವೆ ದೂರದ ಶಾಲೆಯ ಪ್ರಯಾಣದ ವೆಚ್ಚ ಮನೆಯ ಮೇಲೆ ಬೀಳುತ್ತದೆ.

ಈ ತೊಡಕನ್ನು ಸಾಮಾನ್ಯ ಜನರೇ ಒಮ್ಮೆ ಬಗೆಹರಿಸಿದ್ದರು. ದಕ್ಷಿಣ ಕನ್ನಡದಿಂದ ಬಂದು ಹಗಲೆಲ್ಲ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಮೊಗವೀರ ಸಮಾಜವೇ ಮೊದಲಾಗಿ ಹಲವು ಸಮಾಜಗಳು ಮುಂಬಯಿಯಲ್ಲಿ ರಾತ್ರಿ ಶಾಲೆಗಳನ್ನು ನಡೆಸಿದವು. ದುಡಿಯುವವನನ್ನು ದೂಷಿಸದೆ ಶಾಲೆಯೇ ತನ್ನ ವೇಳೆಯನ್ನು ಬದಲಿಸಿಕೊಂಡದ್ದು ಅವುಗಳ ಹಿರಿಮೆ. ಹಾಗೆಂದು ಅವನ್ನು ಆದರ್ಶವೆಂದು ಕೊಂಡಾಡುವುದೂ ಸಲ್ಲದು. ಎಳೆಯರ ದುಡಿಮೆಯನ್ನು ಅವು ಅನಿವಾರ್ಯವೆಂದು ಒಪ್ಪಿಕೊಂಡಿದ್ದವು. ಮೇಲಾಗಿ, ತಾಯಿ ಕೆಲಸಕ್ಕೆ ಹೋದಾಗ ತಮ್ಮತಂಗಿಯರನ್ನು ನೋಡಿಕೊಳ್ಳುತ್ತ ಮನೆಯಲ್ಲಿ ಉಳಿಯುವ ಹುಡುಗಿಯ ಕಷ್ಟ ವೇಳೆಯ ಬದಲಾವಣೆಯಿಂದ ಮಾತ್ರ ನೀಗುವಂಥದಲ್ಲ.

ಇಂದು ಹೊರನಾಡಿನ ಕನ್ನಡ ಸಂಸ್ಥೆಗಳಲ್ಲಿ ಎಸ್.ಎಸ್.ಸಿ.ಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಬಹುಮಾನ ಹಂಚುವ ವಾಡಿಕೆಯಿದೆ. ಅದು ತಪ್ಪಲ್ಲ; ಆದರೆ ಅದು ದಡ ಸೇರಿದವರ ಸನ್ಮಾನ. ಪರೀಕ್ಷೆಗೇ ಕೂಡದವರ ಹೆಸರು ಆ ಸಭೆಯಲ್ಲಿ ಯಾರ ಕಿವಿಗೂ ಬೀಳದು. ಎಂಟನೆಯ ತರಗತಿ ಮುಗಿಸಿದವರ ಪಟ್ಟಿಯನ್ನು ಒಂಬತ್ತನೆಯದಕ್ಕೆ ಸೇರಿದವರ ಪಟ್ಟಿಯೊಡನೆ ಪ್ರತಿವರ್ಷ ಜೂನ್ ತಿಂಗಳಲ್ಲಿಯೇ ತಾಳೆ ನೋಡಬೇಕು. ಕಾಣದ ಹೆಸರಿನ ಮನೆಗೆ ಸಂಸ್ಥೆಯವರು ಹೋಗಿ ವಿಚಾರಿಸಿ, ಬಸ್ಸಿನ ಪಾಸು ಬೇಕಾದವರಿಗೆ ಪಾಸನ್ನೂ, ಮರಾಠಿ ಇಲ್ಲವೆ ಇಂಗ್ಲಿಷ್ ತೊಡಕಾದವರಿಗೆ ಮೊದಲ ಆರು ತಿಂಗಳ ಸಂಜೆಯ ಪಾಠವನ್ನೂ ಒದಗಿಸಬೇಕು. ಬಹುಮಾನ ನಿಧಿಯ ಒಂದು ಪಾಲು ಇದಕ್ಕೆ ಸಲ್ಲುವುದು ನ್ಯಾಯ. ಹುಡುಗ ಕೆಲಸಕ್ಕೆ ಸೇರಿ ಮೊದಲ ಸಂಬಳವನ್ನು ಮನೆಗೆ ತಂದ ಮೇಲೆ ಅವನನ್ನು ಮರಳಿ ತರಗತಿಗೆ ಕರೆಯುವುದು ಬಹಳ ಕಷ್ಟ.