ಕೊನೆಯ ಕೈ ತಿನ್ನುವವರದು: ಕೊರಿಯಾದ ಊಟಕ್ಕೊಂದು ಕೈಪಿಡಿ

ಸಿಯೋಲ್‌ನ ಹೋಟೆಲಿನಲ್ಲಿ ಕೂತು ಒಂದು ಸೂಪು, ಒಂದು ಅನ್ನ ಹೇಳಿರುತ್ತೀರಿ. ಅದು ಬರುವ ಮೊದಲೇ ಮೇಜಿನ ಮೇಲೆ ಕಿಮ್ಚಿ, ಎಳ್ಳೆಣ್ಣೆ ಸವರಿದ ಸೊಪ್ಪು, ಮೊಳಕೆಕಾಳು, ಮೂಲಂಗಿ, ಹುರಿದ ಸಣ್ಣ ಮೀನು ಎಂದು ಪುಟ್ಟ ತಟ್ಟೆಗಳು ಸಾಲುಗಟ್ಟುತ್ತವೆ. ಹೆದರಬೇಡಿ, ಇವಕ್ಕೆ ಬೇರೆ ಬಿಲ್ ಇಲ್ಲ. ಬಾಂಚಾನ್ ಎನ್ನುವ ಈ ಪದಾರ್ಥಗಳು ಮುಗಿದರೆ ಸಾಮಾನ್ಯವಾಗಿ ಇನ್ನೊಮ್ಮೆ ಬಡಿಸುತ್ತಾರೆ. ಹೊಸಬರು ಇವನ್ನು ಸ್ಟಾರ್ಟರ್ ಎಂದುಕೊಂಡು ಮೊದಲೇ ಖಾಲಿ ಮಾಡಿ ಕೂರುತ್ತಾರೆ. ಬಾಳೆಎಲೆಯ ಪಲ್ಯ, ಕೋಸಂಬರಿಗಳಂತೆ ಇವೂ ಅನ್ನದ ನಡುನಡುವೆ ತಿನ್ನುವಂಥವು.

ಕೊರಿಯಾದ ಅಡುಗೆಮನೆ ಎಷ್ಟೋ ತಿನಿಸುಗಳನ್ನು ಮುಕ್ಕಾಲು ಪಾಲು ಮಾತ್ರ ಮುಗಿಸಿ ಮೇಜಿಗೆ ಕಳಿಸುತ್ತದೆ. ಕಲಸುವುದು, ಕತ್ತರಿಸುವುದು, ಎಲೆಯಲ್ಲಿ ಸುತ್ತುವುದು, ಉಪ್ಪು ಹದ ಮಾಡಿಕೊಳ್ಳುವುದು, ಇವೆಲ್ಲ ತಿನ್ನುವವರ ಪಾಲು. ಇದು ಗೊತ್ತಿಲ್ಲದೆ ತಿಂದವರೇ ಊರಿಗೆ ಬಂದು 'ಅಲ್ಲಿ ಎಲ್ಲ ಸಪ್ಪೆ' ಎನ್ನುವುದು.

ಕಲಸುವುದರಿಂದ ಶುರು ಮಾಡಿ. ಬಿಬಿಂಬಾಪ್ ಎಲ್ಲ ಕಡೆ ಸಿಗುತ್ತದೆ. ಆದರೆ ಹೆಸರಾದ ಊರು ಜೊಂಜು. ಸಿಯೋಲ್‌ನ ಯೊಂಗ್‌ಸಾನ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಯುನೆಸ್ಕೊ 2012ರಲ್ಲಿ ಈ ಊರನ್ನು ಪಾಕಕಲೆಯ ಸೃಜನಶೀಲ ನಗರವೆಂದು ಗುರುತಿಸಿತು. ಹಂಚಿನ ಮಾಡಿನ ಹಳೆಯ ಮನೆಗಳ ಕೇರಿಯ ಸುತ್ತಮುತ್ತ ಬಿಬಿಂಬಾಪ್ ಹೋಟೆಲುಗಳು ಬೇಕಾದಷ್ಟಿವೆ. ಕಂಚಿನ ಬಟ್ಟಲಲ್ಲಿ ಅನ್ನ, ಅದರ ಮೇಲೆ ಬಣ್ಣ ಬಣ್ಣದ ತರಕಾರಿ, ಹೆಸರುಕಾಳಿನ ಪಿಷ್ಟದಿಂದ ಮಾಡಿದ ಹಳದಿ ಜೆಲ್ಲಿಯ ಪಟ್ಟಿಗಳು, ನಡುವೆ ಮೊಟ್ಟೆ, ಒಂದು ಮುದ್ದೆ ಗೋಚುಜಾಂಗ್. ಮೆಣಸಿನಪುಡಿ, ಸೋಯಾ, ಅಂಟಕ್ಕಿ ಸೇರಿಸಿ ಹುಳಿಯೆಬ್ಬಿಸಿದ ಕೆಂಪು ಚಟ್ನಿ ಅದು. ನಮ್ಮ ನಾಲಿಗೆಗೆ ಖಾರಕ್ಕಿಂತ ಸಿಹಿಯೇ ಮುಂದಾಗಿ ತೋರುತ್ತದೆ.

ಚಂದ ಕೆಡುತ್ತದೆಂದು ಒಂದೊಂದೇ ತರಕಾರಿ ಹೆಕ್ಕಿ ತಿನ್ನಬೇಡಿ. ಫೋಟೊ ತೆಗೆದಾಯಿತೇ, ಕಲಸಿ. ಚಮಚದಿಂದ ಒತ್ತಿದರೆ ಅನ್ನ ಅರೆದುಹೋಗುತ್ತದೆ. ಊಟದ ಕಡ್ಡಿಗಳಿಂದ ಬಿಡಿಸುತ್ತ ತಳದಿಂದ ಮೇಲಕ್ಕೆ ಎಬ್ಬಿಸಿದರೆ ಅಗುಳು ಅಗುಳಿಗೂ ಬಣ್ಣ ಹತ್ತುತ್ತದೆ. ಕಾದ ಕಲ್ಲಿನ ಬಟ್ಟಲಲ್ಲಿ ಬಂದಿದ್ದರೆ ಸ್ವಲ್ಪ ತಾಳಿ. ತಳದ ಅನ್ನ ಚಟಪಟ ಎನ್ನುತ್ತ ಗರಿಗರಿಯಾಗಲಿ. ಆಮೇಲೆ ಅದನ್ನು ಕೆರೆದು ತಿನ್ನುವ ಸುಖವೇ ಬೇರೆ, ನನಗಂತೂ ಮೇಲಿನ ಅಲಂಕಾರವೆಲ್ಲ ಅದಕ್ಕೆ ಪೀಠಿಕೆ.

ಸುತ್ತಿ ತಿನ್ನುವುದಕ್ಕೆ ಸಾಮ್‌ಗ್ಯೊಪ್ಸಲ್ ಇದೆ. ಮಸಾಲೆಯೇ ಸೋಕದ ಹಂದಿಯ ಹೊಟ್ಟೆ ಮಾಂಸದ ದಪ್ಪ ಪಟ್ಟಿಗಳು, ಮೇಜಿನ ನಡುವೆ ಬೆಂಕಿ, ಕೈಗೊಂದು ಇಕ್ಕಳ, ಒಂದು ಕತ್ತರಿ. ಬೆಂದದ್ದನ್ನು ಅಲ್ಲೇ ತುಂಡು ಮಾಡಿ, ಲೆಟ್ಯೂಸ್ ಎಲೆಯ ಮೇಲೆ ಪುದೀನ ಕುಟುಂಬದ ಪೆರಿಲ್ಲಾ ಎಲೆ ಹಾಸಿ, ಮಾಂಸ, ಬೆಳ್ಳುಳ್ಳಿಯ ಬಿಲ್ಲೆ, ಬೆರಳ ತುದಿಯಷ್ಟು ಸಾಮ್‌ಜಾಂಗ್ ಚಟ್ನಿ ಇಟ್ಟು ಮಡಿಸಿ ಇಡಿಯಾಗಿ ಬಾಯಿಗೆ ಹಾಕಿಕೊಳ್ಳಬೇಕು. ಅರ್ಧ ಕಚ್ಚಿದರೆ ಎಲ್ಲ ಮಡಿಲಿಗೆ. ಹಾಗಾಗಿ ತುತ್ತು ಚಿಕ್ಕದಿರಲಿ. ಸಿಯೋಲ್‌ನ ಮಾಪೊ ಪ್ರದೇಶ ಸುಟ್ಟ ಹಂದಿಮಾಂಸಕ್ಕೆ ಹೆಸರುವಾಸಿ. ಒಬ್ಬರೇ ಹೋಗುವವರಿಗೆ ಮಾತ್ರ ಕಿರಿಕಿರಿ, ಬಹುತೇಕ ಕಡೆ ಕನಿಷ್ಠ ಇಬ್ಬರ ಪಾಲು ತೆಗೆದುಕೊಳ್ಳಲೇಬೇಕು.

ಬುಸಾನ್‌ಗೆ ಹೋದರೆ ಸೊಮ್ಯೊನ್ ಮಾರುಕಟ್ಟೆಯ ಓಣಿಯಲ್ಲಿ ದ್ವೇಜಿ ಗುಕ್‌ಬಾಪ್ ಹುಡುಕಿ. ಹಂದಿಯ ಮೂಳೆ ಕುದಿಸಿದ ಬೆಳ್ಳನೆಯ ಸಾರಿನಲ್ಲಿ ಅನ್ನ, ಮಾಂಸ. 1950ರಿಂದ 53ರವರೆಗಿನ ಯುದ್ಧದಲ್ಲಿ ನಿರಾಶ್ರಿತರು ಬಂದು ತುಂಬಿದ ಈ ಊರಿನಲ್ಲಿ ಬೇರೂರಿದ ಊಟ. ಬೇಕೆಂದೇ ಸಪ್ಪೆಯಾಗಿ ಬರುತ್ತದೆ. ಪಕ್ಕದಲ್ಲಿರುವ ಉಪ್ಪೂರಿಸಿದ ಸಿಗಡಿಯಿಂದ ಹದ ಮಾಡಿಕೊಂಡು, ಖಾರ ಸವರಿದ ಸೊಪ್ಪನ್ನು ಮೇಲೆ ಸುರಿದುಕೊಳ್ಳಿ. ಉತ್ತರದಿಂದ ಓಡಿಬಂದವರು ತಮ್ಮೂರಿನ ತಣ್ಣನೆಯ ನೂಡಲ್ಸ್, ನೆಂಗ್‌ಮ್ಯೊನ್, ಮಾಡಲು ಹೋದಾಗ ಹುರುಳಿಗೋಧಿ, ಅಂದರೆ ಬಕ್‌ವೀಟ್, ಸಿಗಲಿಲ್ಲ. ನೆರವಿಗೆ ಬಂದ ಗೋಧಿ ಹಿಟ್ಟಿನಲ್ಲೇ ಹೊಸೆದರು, ಅದು ಮಿಲ್‌ಮ್ಯೊನ್ ಆಯಿತು. ಮೂಲ ಪ್ಯೊಂಗ್ಯಾಂಗ್ ಬಗೆ ಬೇಕಿದ್ದರೆ ಸಿಯೋಲ್‌ನಲ್ಲಿ 1946ರಲ್ಲಿ ತೆರೆದ ಊ ರೇ ಓಕ್ ಇದೆ. ವಿನೆಗರ್, ಸಾಸಿವೆಯ ಬಾಟಲಿಗೆ ಕೈ ಹಾಕುವ ಮುಂಚೆ ಸಾರನ್ನು ಹಾಗೇ ಎರಡು ಗುಟುಕು ಕುಡಿಯಿರಿ. ಮೊದಲ ಸಲ ಏನೂ ಅನ್ನಿಸದಿರಬಹುದು. ಈ ತಿನಿಸಿನ ಹುಚ್ಚು ಹಿಡಿದವರೂ ಶುರುವಿನಲ್ಲಿ ಹಾಗೇ ಅಂದವರು.

ಸಿಯೋಲ್‌ನಲ್ಲಿ ಒಂದೇ ಸಂಜೆ ಇರುವುದಾದರೆ ಗ್ವಾಂಗ್‌ಜಾಂಗ್ ಮಾರುಕಟ್ಟೆ ಸಾಕು. 1905ರದು, ಜೊಂಗ್ನೊ 5-ಗಾ ಮೆಟ್ರೊ ನಿಲ್ದಾಣದ ಪಕ್ಕ. ನೆನೆಸಿದ ಹೆಸರುಬೇಳೆಯನ್ನು ಕಣ್ಣೆದುರೇ ತಿರುಗುವ ಬೀಸುವ ಕಲ್ಲಿನಲ್ಲಿ ಅರೆದು, ಮೊಳಕೆಕಾಳು ಬೆರೆಸಿ, ಕಾವಲಿಯ ಮೇಲೆ ಧಾರಾಳ ಎಣ್ಣೆಯಲ್ಲಿ ಕರಿದು ತೆಗೆಯುವ ಬಿಂದೆತೊಕ್ ಇಲ್ಲಿಯ ಖ್ಯಾತಿ. ಅಂಚು ಮುರಿದರೆ ಸದ್ದಾಗಬೇಕು, ಒಳಗೆ ಮೆತ್ತಗಿರಬೇಕು. ಜೊತೆಗೆ ಸೋಯಾ ಸಾಸಿನಲ್ಲಿ ನೆನೆದ ಈರುಳ್ಳಿ, ಬೇಕೆನ್ನುವವರಿಗೆ ಅಕ್ಕಿಯ ಮದ್ಯ ಮಕ್ಕೊಲ್ಲಿ. ಹಿಟ್ಟಿನಲ್ಲಿ ಹಂದಿಮಾಂಸ ಇರಬಹುದು, ವಿಚಾರಿಸಿಕೊಳ್ಳಿ. ದರಪಟ್ಟಿಯನ್ನೂ ಕೂರುವ ಮುಂಚೆಯೇ ನೋಡಿ.

ಸಸ್ಯಾಹಾರಿಗಳಿಗೆ ಸುಳ್ಳು ಭರವಸೆ ಕೊಡಲಾರೆ. ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನಿನ ರಸವೋ ಸಿಗಡಿಯೋ ಇರುತ್ತದೆ, ಸಾರಿನ ತಳಹದಿ ಹೆಚ್ಚಾಗಿ ಒಣಮೀನು. ಜೊಂಜುವಿನ ಬಿಬಿಂಬಾಪ್‌ನ ಅನ್ನವನ್ನೇ ಗೋಮಾಂಸದ ಸಾರಿನಲ್ಲಿ ಬೇಯಿಸುವುದುಂಟು, ಮೇಲಿನ ಮಾಂಸ ತೆಗೆಸಿದ ಮಾತ್ರಕ್ಕೆ ಆಗುವುದಿಲ್ಲ. ದಾರಿ ಎಂದರೆ ಬೌದ್ಧ ದೇವಾಲಯಗಳ ಅಡುಗೆ. ಅಲ್ಲಿ ಮಾಂಸ, ಮೀನಷ್ಟೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿಯ ಜಾತಿಯೂ ವರ್ಜ್ಯ. ನಮ್ಮ ಮಾಧ್ವರ, ಜೈನರ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಸಿಯೋಲ್‌ನ ಜೊಗ್ಯೇಸಾ ದೇವಾಲಯದ ಎದುರು, ಜೊಗ್ಯೇ ಪಂಥದವರೇ ನಡೆಸುವ ಬಾಲು ಗೊಂಗ್ಯಾಂಗ್ ಇದೆ. ಮುಂಗಡ ಬುಕ್ ಮಾಡಿ ಹೋಗಿ, ಅಗ್ಗವಲ್ಲ. ದೇವಾಲಯದಲ್ಲೇ ತಂಗಿ ಸಾಂಪ್ರದಾಯಿಕ ಊಟಕ್ಕೆ ಕೂತರೆ ನಾಲ್ಕು ಬಟ್ಟಲು ಕೊಡುತ್ತಾರೆ. ಕೊನೆಗೆ ಮೂಲಂಗಿಯದೋ ಕಿಮ್ಚಿಯದೋ ಒಂದು ತುಂಡಿನಿಂದ ಬಟ್ಟಲು ಒರೆಸಿ, ತೊಳೆದ ನೀರನ್ನೂ ಕುಡಿದುಬಿಡಬೇಕು.

ರೀತಿ ರಿವಾಜು ಹೆಚ್ಚೇನಿಲ್ಲ. ಅನ್ನ, ಸಾರಿಗೆ ಚಮಚ, ಉಳಿದದ್ದಕ್ಕೆ ಲೋಹದ ಕಡ್ಡಿ. ಬಟ್ಟಲು ಕೈಗೆತ್ತಿಕೊಳ್ಳಬಾರದು. ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿದರೆ ತಿಥಿ ಊಟದ ನೆನಪು ಬರುತ್ತದೆ ಅವರಿಗೆ. ಹಿರಿಯರು ಚಮಚ ಎತ್ತಿದ ಮೇಲೆ ನೀವು ಎತ್ತಿ. ಟಿಪ್ಸ್ ಕೊಡುವ ರೂಢಿಯಿಲ್ಲ.

ಬೇಸಿಗೆಯಲ್ಲಿ ಹೋದವರು ಕೊಂಗ್‌ಗುಕ್ಸು ತಿನ್ನದೆ ಬರಬೇಡಿ. ಬೇಯಿಸಿದ ಸೋಯಾ ಕಾಳನ್ನು ನುಣ್ಣಗೆ ಅರೆದ ದಪ್ಪ ಹಾಲು, ತಣ್ಣಗೆ, ಅದರಲ್ಲಿ ನೂಡಲ್ಸ್, ಮೇಲೆ ಸೌತೆಕಾಯಿಯ ಎಳೆ. ಇಲ್ಲೂ ಹದ ನಿಮ್ಮದೇ. ಸಿಯೋಲ್‌ನವರು ಉಪ್ಪು ಹಾಕುತ್ತಾರೆ, ಜೊಂಜು ಇರುವ ಜೊಲ್ಲಾ ಸೀಮೆಯವರು ಸಕ್ಕರೆ. ಮಿಕ್ಕೆಲ್ಲದರಲ್ಲಿ ಜೊಲ್ಲಾದವರ ಕೈರುಚಿಗೆ ತಲೆಬಾಗುವ ನಾನು, ಇದೊಂದರಲ್ಲಿ ಉಪ್ಪಿನ ಪಕ್ಷ.