ಕೊನೆಭಾಗಕ್ಕೆ ತಲುಪದ ಬಸ್ಸು

ಮಂಡ್ಯ ಜಿಲ್ಲೆಯ ಸಾರಿಗೆಯನ್ನು ದೂರದಿಂದ ನೋಡುವವರಿಗೆ ದೂರಲು ಕಾರಣವೇ ಕಾಣುವುದಿಲ್ಲ. 2023ರ ಮಾರ್ಚ್ 12ರಂದು ಪ್ರಧಾನಿ ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಜಿಲ್ಲೆಯ ನಡುವೆಯೇ ಹಾದಿದೆ. ಜೋಡಿ ಹಳಿಯ ರೈಲು ಮಾರ್ಗವಿದೆ. ಅದೇ ವರ್ಷ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡು ತಪ್ಪಿತು. ಹುಡುಗರಿಗೆ ರಿಯಾಯಿತಿ ಪಾಸಿದೆ. ಆದರೆ ಮಳವಳ್ಳಿ ಕಡೆಯ ಹಳ್ಳಿಯೊಂದರಿಂದ ಹೊರಟು ತೂಬಿನಕೆರೆಯ ಸ್ನಾತಕೋತ್ತರ ಕೇಂದ್ರದಲ್ಲಿ ಬೆಳಗಿನ ಮೊದಲ ತರಗತಿಗೆ ಕೂರಬೇಕಾದ ವಿದ್ಯಾರ್ಥಿನಿಯ ಪಾಡನ್ನೇ ಅಳತೆಗೋಲು ಮಾಡಿಕೊಂಡರೆ, ಈ ವ್ಯವಸ್ಥೆಗೆ ಪಾಸು ಮಾಡುವಷ್ಟು ಅಂಕ ಕೊಡಲೂ ಮನಸ್ಸು ಬರುವುದಿಲ್ಲ.

ಮಂಡ್ಯದ ಉನ್ನತ ಶಿಕ್ಷಣ ಒಂದೇ ಬೇಲಿಯೊಳಗಿಲ್ಲ. 2019ರಲ್ಲಿ ಸರ್ಕಾರಿ ಕಾಲೇಜನ್ನು ಮೇಲ್ದರ್ಜೆಗೇರಿಸಿ ಮಾಡಿದ ಮಂಡ್ಯ ವಿಶ್ವವಿದ್ಯಾನಿಲಯದ ಆವರಣ ನಗರದಲ್ಲೇ ಇದೆ. 1962ರಲ್ಲಿ ಶುರುವಾದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು, ವೈದ್ಯಕೀಯ ಕಾಲೇಜು ಕೂಡ ಊರಿನೊಳಗಿನವೇ. ಅಲ್ಲಿ ಓದುವವರ ತಾಪತ್ರಯ ಮಂಡ್ಯ ಮುಟ್ಟುವವರೆಗೆ ಮಾತ್ರ. ಆಮೇಲೆ ಕಾಲ್ನಡಿಗೆ, ಇಲ್ಲವೇ ಆಟೋ. ಪೇಚು ಊರಾಚೆಯ ಆವರಣಗಳದ್ದು. ವಿ.ಸಿ. ಫಾರಂನ ಕೃಷಿ ಕಾಲೇಜು ಗದ್ದೆ ಬಯಲಿನ ನಡುವೆ ಇದ್ದರೂ ಅಲ್ಲಿ ಹಾಸ್ಟೆಲ್ ಇದೆ. ಮೈಸೂರು ವಿಶ್ವವಿದ್ಯಾನಿಲಯ ಕಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ ಸ್ನಾತಕೋತ್ತರ ಕೇಂದ್ರವಾದರೋ ಶ್ರೀರಂಗಪಟ್ಟಣದ ದಿಕ್ಕಿಗೆ, ತೂಬಿನಕೆರೆಯ ಹೆದ್ದಾರಿ ಮಗ್ಗುಲಿಗೆ ಬಿದ್ದಿದೆ. ಮದ್ದೂರಿನವರು ಒಮ್ಮೆ, ಮಳವಳ್ಳಿಯ ಹಳ್ಳಿಗರು ಎರಡು ಸಲ ಬಸ್ಸು ಬದಲಿಸಿ ಅಲ್ಲಿಗೆ ಹೋಗಬೇಕು. ಮಳವಳ್ಳಿಯಿಂದ ಬನ್ನೂರಿನ ಮೇಲೆ ಮೈಸೂರಿಗೆ ನೇರ ಬಸ್ಸಿರುವುದರಿಂದ, ಸ್ವಂತ ಜಿಲ್ಲೆಯ ಕೇಂದ್ರಕ್ಕಿಂತ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯೇ ಆ ತಾಲ್ಲೂಕಿಗೆ ಸಲೀಸು. ಜಿಲ್ಲೆಯ ಮಕ್ಕಳಿಗೆ ಹತ್ತಿರವಾಗಲೆಂದು ತೆರೆದ ಸ್ನಾತಕೋತ್ತರ ಕೇಂದ್ರದ ಬಗ್ಗೆ ಇದಕ್ಕಿಂತ ಕಟುವಾದ ಟೀಕೆ ಬೇಕಿಲ್ಲ.

1960ರಲ್ಲಿ ಕುವೆಂಪು ಕುಲಪತಿಯಾಗಿದ್ದಾಗ ರೂಪುಗೊಂಡ ಮಾನಸಗಂಗೋತ್ರಿಯೂ ಅಂದಿಗೆ ಊರಂಚಿನದೇ. ಮೈಸೂರು ಅದರತ್ತ ಬೆಳೆಯಿತು, ಸಿಟಿ ಬಸ್ಸುಗಳೂ ಜೊತೆಗೇ ಬಂದವು. ಮಂಡ್ಯಕ್ಕೆ ಅಂಥ ನಗರ ಸಾರಿಗೆಯ ಜಾಲವಿಲ್ಲ. ಹಾಗಾಗಿ ತೂಬಿನಕೆರೆಗೆ ಹೆದ್ದಾರಿಯೇ ಗತಿ. ಆ ಹೆದ್ದಾರಿ ಮಾತ್ರ ನಡುವೆ ಇಳಿಯುವವರನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಬೆಂಗಳೂರು–ಮೈಸೂರು ನಾನ್‌ಸ್ಟಾಪ್ ಬಸ್ಸಿಗೆ ಮದ್ದೂರು, ಮಂಡ್ಯಗಳೇ ಬೈಪಾಸಿನಾಚೆಯ ಊರುಗಳಾಗಿರುವಾಗ ತೂಬಿನಕೆರೆಯ ಮಾತೇನು? ಬಸ್ಸಿಗೆ ಕಾದು ಬೇಸತ್ತು ಬೈಕು ತೆಗೆದವನಿಗೂ 2023ರ ಆಗಸ್ಟ್ 1ರಿಂದ ಮುಖ್ಯ ಪಥ ನಿಷಿದ್ಧ. ಸರ್ವಿಸ್ ರಸ್ತೆಯೇ ಅವನ ಪಾಲು. ವೇಗದ ದೃಷ್ಟಿಯಿಂದ ಆ ನಿಷೇಧ ಸರಿಯೇ. ಆದರೆ ಜಿಲ್ಲೆಯ ಜನಕ್ಕೆ ಸರ್ವಿಸ್ ರಸ್ತೆಯನ್ನು ಗೊತ್ತುಮಾಡಿದ ಮೇಲೆ ಅಲ್ಲಿ ಓಡುವ ಬಸ್ಸು, ನೆರಳಿರುವ ತಂಗುದಾಣ, ವೇಳಾಪಟ್ಟಿಯ ಫಲಕವನ್ನೂ ಕೊಡಬೇಕಲ್ಲವೇ?

ಈ ಕೊರತೆಯ ಸ್ವರೂಪ ಮಂಡ್ಯದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ಮದ್ದೂರು, ಮಳವಳ್ಳಿಯ ಕೊನೆಭಾಗದ ಗದ್ದೆಗಳು ಒಣಗಿ, ರೈತರು ಬೀದಿಗಿಳಿಯುವುದುಂಟು. ಮುಖ್ಯ ನಾಲೆಯಲ್ಲಿ ಎಷ್ಟು ನೀರು ಹರಿಯಿತೆಂಬುದು ಅವರಿಗೆ ಮುಖ್ಯವಲ್ಲ, ತಮ್ಮ ತೂಬಿಗೆ ಎಷ್ಟು ಬಂತೆಂಬುದು ಮುಖ್ಯ. ಸಾರಿಗೆಯಲ್ಲೂ ನಾವು ಮುಖ್ಯ ನಾಲೆಯನ್ನಷ್ಟೇ ಅಗಲ ಮಾಡಿ, ಉಪನಾಲೆಗಳನ್ನು ಹೂಳಿಗೆ ಬಿಟ್ಟಿದ್ದೇವೆ.

ಶಕ್ತಿ ಯೋಜನೆಯನ್ನು ಹೀಗಳೆಯಲು ಈ ಮಾತಲ್ಲ. ಮಗಳ ಬಸ್ ಖರ್ಚಿಗೆ ಹೆದರಿ ಓದು ಬಿಡಿಸುವ ಮನೆಗಳಿಗೆ ಆಧಾರ್ ತೋರಿಸಿ ಪಡೆಯುವ ಶೂನ್ಯ ಟಿಕೆಟ್ ದೊಡ್ಡ ಆಸರೆ. ಇದು ಸರ್ಕಾರ ಮಾಡಿದ ಒಳ್ಳೆಯ ಕೆಲಸ. ಆದರೆ ಟಿಕೆಟ್ಟು ಹತ್ತಿದ ಮೇಲಿನ ಸಂಗತಿ. ಬಸ್ಸೇ ತುಂಬಿ ಬಂದು, ಚಾಲಕ ನಿಲ್ಲಿಸದೆ ಮುಂದೆ ಹೋದರೆ ಉಚಿತವೂ ಒಂದೇ, ದುಬಾರಿಯೂ ಒಂದೇ. ಬೇಡಿಕೆ ಹೆಚ್ಚಿದಷ್ಟು ಬಸ್ಸು, ಸಿಬ್ಬಂದಿ ಹೆಚ್ಚದಿದ್ದರೆ ಆಗುವುದು ಇದೇ: ಕಾಲೇಜು ಹೊತ್ತಿನ ಕೆಂಪು ಬಸ್ಸಿನಲ್ಲಿ ಹುಡುಗರು ಫುಟ್‌ಬೋರ್ಡಿಗೆ ಜೋತುಬೀಳುತ್ತಾರೆ, ನಡುದಾರಿಯ ನಿಲ್ದಾಣದ ಹುಡುಗಿಯರು ಮುಂದಿನ ಬಸ್ಸಿಗೆ ಕಾಯುತ್ತಾರೆ. ದರದ ಸಮಸ್ಯೆಗೆ ಮದ್ದು ಸಿಕ್ಕಿತು. ಹೊತ್ತಿನ ಸಮಸ್ಯೆಗೆ ಇನ್ನೂ ಇಲ್ಲ.

ಸರ್ಕಾರಿ ಬಸ್ಸು ಬಿಟ್ಟ ತೆರವನ್ನು ಖಾಸಗಿ ಬಸ್ಸು ತುಂಬುತ್ತದೆ. ಅದರ ಸೇವೆಯನ್ನು ಅಲ್ಲಗಳೆಯಲಾಗದು. ಅದರ ಅಪಾಯವನ್ನು ಮರೆಯಲೂ ಆಗದು. 2018ರ ನವೆಂಬರ್ 24ರಂದು ಪಾಂಡವಪುರದಿಂದ ಮಂಡ್ಯಕ್ಕೆ ಹೊರಟ ಖಾಸಗಿ ಬಸ್ಸು ಕನಗನಮರಡಿಯಲ್ಲಿ ನಾಲೆಗೆ ಉರುಳಿ 30 ಮಂದಿ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ನಾಲೆ ಏರಿಯ ಮೇಲೆ ತಡೆಗೋಡೆ ಕಟ್ಟುವುದೂ ಶಿಕ್ಷಣದ ವೆಚ್ಚವೇ ಎಂಬುದು ಆ ದಿನ ಅರ್ಥವಾಗಬೇಕಿತ್ತು.

ರೈಲಿನ ಕತೆ ಬೇರೆ. ಬೆಂಗಳೂರು–ಮೈಸೂರು ಮೆಮು ಮದ್ದೂರು, ಮಂಡ್ಯದಲ್ಲಷ್ಟೇ ಅಲ್ಲ, ಯಲಿಯೂರಿನಂಥ ಪುಟ್ಟ ನಿಲ್ದಾಣದಲ್ಲೂ ನಿಲ್ಲುತ್ತದೆ. ಆದರೆ ನಿಲ್ದಾಣದಿಂದ ತರಗತಿಗೆ ಒಯ್ಯುವ ಬಸ್ಸಿಗೂ ರೈಲಿನ ಸಮಯಕ್ಕೂ ತಾಳೆಯಾಗದಿದ್ದರೆ ರೈಲು ಅರ್ಧ ದಾರಿಯ ಉಪಕಾರಿ. ಮಳವಳ್ಳಿಗಂತೂ ರೈಲೇ ಇಲ್ಲ.

ಇನ್ನೊಂದು ದಾರಿಯ ಮಾದರಿ ಮದ್ದೂರು–ಮಳವಳ್ಳಿ ರಸ್ತೆಯಲ್ಲೇ ಇದೆ. ಜಿ. ಮಾದೇಗೌಡರು ಕೆ.ಎಂ. ದೊಡ್ಡಿಯಲ್ಲಿ, ಅಂದರೆ ಭಾರತೀನಗರದಲ್ಲಿ, ಬೆಳೆಸಿದ ಭಾರತೀ ವಿದ್ಯಾಸಂಸ್ಥೆ ಎರಡೂ ತಾಲ್ಲೂಕಿನ ಹಳ್ಳಿಗಳಿಗೆ ಕಾಲೇಜನ್ನೇ ಹತ್ತಿರ ತಂದಿತು. ಜನ ಮೊದಲೇ ಓಡಾಡುವ ದಾರಿಯಲ್ಲಿ ಕಾಲೇಜು ಕಟ್ಟಿದರೆ ಬಸ್ಸಿಗೆ ಬೇರೆ ದಾರಿ ಹುಡುಕಬೇಕಿಲ್ಲ. ಜಾಗ ಸಿಕ್ಕಿತೆಂದು ಊರಾಚೆ ಕಟ್ಟಡ ಎಬ್ಬಿಸಿ, ಬಸ್ಸು ತಾನಾಗಿ ಬಂದೀತೆಂದು ಕೂರುವುದು ಇದರ ವಿರುದ್ಧ ಪದ್ಧತಿ; ತೂಬಿನಕೆರೆಯ ಪಾಡು ನೋಡಿದರೆ ಹಾಗೆಯೇ ಅನ್ನಿಸುತ್ತದೆ.

2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಮುಚ್ಚಲು ಸೂಚಿಸಿದ ಒಂಬತ್ತು ವಿಶ್ವವಿದ್ಯಾನಿಲಯಗಳಲ್ಲಿ ಮಂಡ್ಯದ್ದೂ ಒಂದಾಗಿತ್ತು. ಅನುದಾನ, ಹುದ್ದೆ, ಕಟ್ಟಡಗಳ ಲೆಕ್ಕ ನ್ಯಾಯವಾದದ್ದೇ. ಜೊತೆಗೆ ಕೇಳಬೇಕಾದ ಪ್ರಶ್ನೆ, ಅಲ್ಲಿಗೆ ಓದಲು ಬರುವವರು ಬರುವುದಾದರೂ ಹೇಗೆ ಎಂಬುದು. ಅದಕ್ಕೆ ಉತ್ತರ ಹುಡುಕಲು ಹೊಸ ಹೆದ್ದಾರಿ ಬೇಡ. ಸೆಮಿಸ್ಟರ್ ಶುರುವಾಗುವ ಮುನ್ನ ತೂಬಿನಕೆರೆ ಕೇಂದ್ರವನ್ನು ನಡೆಸುವ ವಿಶ್ವವಿದ್ಯಾನಿಲಯದ ಕುಲಸಚಿವರು ತರಗತಿಗಳ ವೇಳಾಪಟ್ಟಿಯನ್ನು ಕೆಎಸ್‌ಆರ್‌ಟಿಸಿಯ ವಿಭಾಗೀಯ ನಿಯಂತ್ರಣಾಧಿಕಾರಿಯ ಮೇಜಿನ ಮೇಲಿಟ್ಟು, ಬೆಳಿಗ್ಗೆ ಮಳವಳ್ಳಿ ಮತ್ತು ಮದ್ದೂರಿನಿಂದ ಮಂಡ್ಯದ ಮೇಲೆ ತೂಬಿನಕೆರೆಗೆ ನೇರ ಬಸ್ಸು, ಸಂಜೆ ಗ್ರಂಥಾಲಯ ಮುಚ್ಚಿದ ಮೇಲೊಂದು ಮರುಬಸ್ಸು ಬರೆಸಿಕೊಂಡು ಬಂದರೆ ಸಾಕು. ಆ ಕೆಲಸ ಆಗದಿರುವವರೆಗೆ ಹಾಜರಾತಿ ಕಡಿಮೆಯೆಂದು ಹಳ್ಳಿಯ ವಿದ್ಯಾರ್ಥಿಗೆ ನೋಟಿಸು ಕೊಡುವ ನೈತಿಕ ಹಕ್ಕು ಯಾವ ವಿಭಾಗಕ್ಕೂ ಇಲ್ಲ.